ಬೇಲಿಯಾಚೆಯ ಕೂಗು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಾಗಿರಲಿಲ್ಲ. ಗೆಳತಿಯರು ಕೂತು ಮಾತಾಡುವಾಗ ಯಾರಾದರೂ, ತೀರಿಹೋದ ಅತ್ತೆ ಕನಸಿನಲ್ಲಿ ಬಂದು ಕಳೆದುಹೋದ ಉಂಗುರ ಎಲ್ಲಿದೆ ಎಂದು ಹೇಳಿದರಂತೆ ಎಂದು ಶುರು ಮಾಡಿದರೆ, "ಹಿಂದಿನ ದಿನ ಊಟಕ್ಕ ಏನ್ ಮಾಡಿದ್ರಿ?" ಎಂದು ಕೇಳುತ್ತಿದ್ದವಳು ನಾನು. ಕೆಲವರು ನಗುತ್ತಿದ್ದರು, ಕೆಲವರಿಗೆ ಸಿಟ್ಟು ಬರುತ್ತಿತ್ತು. ನಾನು ಓದಿದ್ದು ಪಿಯುಸಿವರೆಗೆ. ಈ ದೇಶಕ್ಕೆ ಬಂದ ಮೇಲೆ ಹತ್ತೊಂಬತ್ತು ವರ್ಷ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದೆ. ಅಲ್ಲಿ ಎಲ್ಲದಕ್ಕೂ ಥರ್ಮಾಮೀಟರ್. ಅನ್ನ ಬಿಸಿ ಇದೆ ಅಂದರೆ ಸಾಲದು, ಎಷ್ಟು ಡಿಗ್ರಿ ಎಂದು ಬರೆದು ಸಹಿ ಹಾಕಬೇಕು. ನನ್ನ ಸ್ವಭಾವವೂ ಹಾಗೇ ಆಗಿಹೋಗಿತ್ತು.

ಆದ್ದರಿಂದ ಇದನ್ನು ಓದಿ ನೀವೂ ನನ್ನ ಊಟದ ಬಗ್ಗೆ ಕೇಳಿದರೆ ನಾನು ತಪ್ಪು ತಿಳಿಯುವುದಿಲ್ಲ. ಅವತ್ತು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ. ಅದನ್ನೂ ಇನ್ನೂ ಮುಟ್ಟಿರಲಿಲ್ಲ. ಹೊತ್ತು ನಡುಮಧ್ಯಾಹ್ನ. ಬಿಸಿಲು ಚೆನ್ನಾಗಿತ್ತು, ಪೂರ್ತಿ ಎಚ್ಚರವಾಗಿದ್ದೆ, ಜ್ವರ ಇರಲಿಲ್ಲ.

ನಮ್ಮ ಯಜಮಾನರು ಗದಗದ ಹತ್ತಿರದ ಹಳ್ಳಿಯವರು, ನಾನು ಹುಬ್ಬಳ್ಳಿಯವಳು. ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿನ ಒಂದು ಟೆಲಿಫೋನ್ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ದುಡಿದು ಅವರು ನಿವೃತ್ತರಾದರು. ಮರುವರ್ಷ ನಾನೂ ಕೆಲಸ ಬಿಟ್ಟೆ. ಮನೆ ಅಲ್ಲೇ ಹತ್ತಿರದ ಮರ್ಫಿಯಲ್ಲಿ. ಒಬ್ಬಳೇ ಮಗಳು ವಿದ್ಯಾ. ಆಸ್ಟಿನ್ ಹತ್ತಿರದ ಟೇಲರ್‌ನಲ್ಲಿ ಎಂಜಿನಿಯರ್.

ಮುಂದಿನದು ತಿಳಿಯಬೇಕಾದರೆ ಚರಗದ ಬಗ್ಗೆ ಹೇಳಬೇಕು. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಊಟಕ್ಕೆ ಕೂರುವ ಮೊದಲು ತಂದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ, ಹೊಲದ ಸುತ್ತ ನಡೆಯುತ್ತ ಭೂಮಿಗೆ ಚೆಲ್ಲುತ್ತಾರೆ. ಅದೇ ಚರಗ. ಮುಂದೆ ಚೆಲ್ಲುತ್ತ ಹೋಗುವವರು "ಹುಲ್ಲುಲ್ಲಿಗೋ" ಎಂದು ಕೂಗಬೇಕು, ಹಿಂದೆ ನೀರಿನ ತಂಬಿಗೆ ಹಿಡಿದು ಬರುವವರು "ಚಲ್ಲಂಬರಿಗೋ" ಎಂದು ಉತ್ತರ ಕೊಡಬೇಕು. ಕೂಗು ಊರಿನಿಂದ ಊರಿಗೆ ಬೇರೆ. ಅರ್ಥ ನಮ್ಮ ಯಜಮಾನರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ. ನಮ್ಮ ಅತ್ತೆಯವರದು ಅದರಲ್ಲಿ ಒಂದೇ ಕಟ್ಟುನಿಟ್ಟು. ಕೂಗಿಗೆ ಉತ್ತರ ಕೊಟ್ಟ ಮೇಲೆ ಸುತ್ತು ಮುಗಿಸಿಯೇ ನಿಲ್ಲಬೇಕು, ಅರ್ಧಕ್ಕೆ ತಿರುಗುವಂತಿಲ್ಲ. ಮದುವೆಯಾದ ಮೊದಲ ವರ್ಷ ಸುತ್ತಿನ ನಡುವೆಯೇ ನನ್ನ ಅಂಗಾಲಿಗೆ ಜಾಲಿ ಮುಳ್ಳು ಚುಚ್ಚಿತು. ನಾನು ನಿಂತೆ. "ಉತ್ತರಾ ಕೊಟ್ಟೀದಿ, ಇನ್ನ ನಡೀ," ಎಂದು ಅತ್ತೆ ನನ್ನನ್ನು ಮುಳ್ಳಿನ ಸಮೇತ ಸುತ್ತು ಹಾಕಿಸಿದರು.

ಮರ್ಫಿಯಲ್ಲಿ ಹೊಲ ಎಲ್ಲಿಂದ ಬರಬೇಕು? ಹಿತ್ತಿಲ ಹುಲ್ಲನ್ನೇ ಹೊಲ ಎಂದುಕೊಂಡು ಪ್ರತಿ ವರ್ಷ ನಡೆಸುತ್ತಿದ್ದೆವು. ಅವರ ಕೂಗು ಸಣ್ಣದಲ್ಲ. ಕೊನೆಯ "ಗೋ" ಅನ್ನು ಉಸಿರು ಮುಗಿಯುವವರೆಗೆ ಎಳೆದು, ಎಳೆದದ್ದನ್ನು ತುದಿಯಲ್ಲಿ ಸ್ವಲ್ಪ ಮೇಲೆತ್ತುತ್ತಿದ್ದರು. ಪಕ್ಕದ ಮನೆಯವರು ಒಮ್ಮೆ ಮರದ ಬೇಲಿಯ ಮೇಲಿಂದ ಇಣುಕಿ, ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದ್ದರು. ವಿದ್ಯಾ ಶಾಲೆಗೆ ಹೋಗುತ್ತಿದ್ದ ವಯಸ್ಸಿನಲ್ಲಿ ಅವತ್ತೊಂದು ದಿನ ತನ್ನ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ನಿವೃತ್ತಿಯ ನಂತರ ಅವರಿಗೆ ಒಂದೇ ಆಸೆ. ಆಫೀಸಿನಲ್ಲಿ ಅವರ ಮೇಜಿನ ಎದುರಿಗೆ ಒಂದು ಹಳೆಯ ಕ್ಯಾಲೆಂಡರ್ ಇತ್ತಂತೆ, ಅದರಲ್ಲಿ ಅರಿಜೋನಾದ ದೊಡ್ಡ ಕಳ್ಳಿಗಳ ಚಿತ್ರ. ಎರಡು ಆಳೆತ್ತರ, ಮೂರು ಆಳೆತ್ತರ, ಕೈ ಎತ್ತಿ ನಿಂತ ಹಾಗೆ. "ನಮ್ಮ ಹೊಲದಾಗಿನ ಬೆದರುಗೊಂಬಿ ನಿಂತಂಗ ನಿಂತಾವ ನೋಡು. ಅಲ್ಲಿ ಹೋಗಿ ಒಂದ್ಸಲ ಚರಗಾ ಚೆಲ್ಲಬೇಕು," ಎನ್ನುತ್ತಿದ್ದರು. ಮಾರ್ಚ್ ತಿಂಗಳಲ್ಲಿ ಹೊರಟೆವು. ವಿಮಾನ ಬೇಡ, ಅವಸರ ಬೇಡ. ದಿನಕ್ಕೆ ನೂರೈವತ್ತು ಮೈಲಿಗಿಂತ ಹೆಚ್ಚು ಓಡಿಸುವುದಿಲ್ಲ ಎಂದು ಅವರೇ ಒಂದು ನಿಯಮ ಮಾಡಿದ್ದರು. ಅಬಿಲೀನ್, ಮಿಡ್‌ಲ್ಯಾಂಡ್, ಪೇಕೊಸ್. ಪ್ರತಿ ಊರಿನ ನೀರಿನ ಟ್ಯಾಂಕಿನ ಮೇಲೆ ಬರೆದ ಹೆಸರನ್ನು ಶಾಲೆಯ ಮಕ್ಕಳ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಎಣ್ಣೆ ತೆಗೆಯುವ ಪಂಪುಗಳು ತಲೆ ಆಡಿಸುವುದನ್ನು ಕಂಡು, "ನೋಡು, ನಾ ಹೇಳಿದ್ದಕ್ಕೆಲ್ಲ ಹೂಂ ಅಂತಾವ. ನಿನಗಿಂತ ಛಲೋ," ಎಂದರು.

ಅಮಾವಾಸ್ಯೆ ಅಲ್ಲದಿದ್ದರೂ ಮಧ್ಯಾಹ್ನ ಎಲ್ಲಿ ಬುತ್ತಿ ಬಿಚ್ಚಿದರೂ ಚರಗ ಆಗಲೇಬೇಕು. ಇಷ್ಟು ದೊಡ್ಡ ಬಯಲಿನಲ್ಲಿ ಕೂತು ನಾವಷ್ಟೇ ಉಣ್ಣುವುದು ಸರಿಯಲ್ಲ ಎಂಬುದು ಅವರ ವಾದ. ಮರಳುಗುಡ್ಡಗಳ ಒಂದು ಪಾರ್ಕಿನಲ್ಲಿ ಹೀಗೇ ಮೊಸರನ್ನ ಚೆಲ್ಲಿ ಕೂಗಿದಾಗ, ಹ್ಯಾಟು ಹಾಕಿಕೊಂಡ ಕಾವಲು ಅಧಿಕಾರಿಣಿ ಜೀಪು ನಿಲ್ಲಿಸಿ ಇಳಿದು ಬಂದಳು. ಪ್ರಾಣಿಗಳಿಗೆ ತಿನ್ನಲು ಹಾಕಬಾರದು ಎಂಬ ಬೋರ್ಡು ಇವರ ಬೆನ್ನ ಹಿಂದೆಯೇ ಇತ್ತು. ಪ್ರಾಣಿಗಲ್ಲ, ಭೂಮಿಗೆ ಎಂದು ಇವರು ಇಂಗ್ಲಿಷಿನಲ್ಲಿ ವಿವರಿಸಿದರು. ಆಕೆ ಪೂರ್ತಿ ಕೇಳಿ, ಮುಖದಲ್ಲಿ ನಗು ತೋರಿಸದೆ, "ಸರ್, ಇಲ್ಲಿನ ಭೂಮಿ ಪಥ್ಯದಲ್ಲಿದೆ," ಎಂದು ಹೇಳಿ ಹೋದಳು. ಅಂದಿನಿಂದ ಅವರು ಮೂರು ಬೆರಳಿಗೆ ಬಂದಷ್ಟೇ ಚೆಲ್ಲತೊಡಗಿದರು. ಅದಕ್ಕೆ ಪಥ್ಯದ ಚರಗ ಎಂದು ಹೆಸರಾಯಿತು. ಚಿಟಿಕೆ ಅಡುಗೆಗೂ ಕೂಗು ಮಾತ್ರ ಮೊದಲಿನಷ್ಟೇ ದೊಡ್ಡದು.

ನಾವು ಕಳ್ಳಿಗಳವರೆಗೆ ಹೋಗಲಿಲ್ಲ. ಅದಕ್ಕೆ ಕಾರಣ ನಾನು. ಇದನ್ನು ಬೇರೆ ರೀತಿ ಬರೆಯಲು ಬಹಳ ಸಲ ಪ್ರಯತ್ನಿಸಿದೆ, ಆಗುವುದಿಲ್ಲ. ನ್ಯೂ ಮೆಕ್ಸಿಕೋದ ಡೆಮಿಂಗ್ ದಾಟಿದ ಮೇಲೆ ಹೆದ್ದಾರಿಯ ಬದಿಗೆ ಒಂದು ವಿಶ್ರಾಂತಿ ತಾಣ ಇದೆ. ಮೇಲೆ ಚಪ್ಪರ ಇರುವ ಕಲ್ಲಿನ ಮೇಜುಗಳು, ಹಿಂದೆ ತಂತಿ ಬೇಲಿ, ಬೇಲಿಯ ಆಚೆ ಕುರುಚಲು ಗಿಡಗಳ ಬಯಲು, ದೂರದಲ್ಲಿ ರೈಲು ಹಳಿ. ಅಲ್ಲಿ ಊಟ ಮುಗಿಸಿದಾಗ ಅವರು, "ಇನ್ನ ಮೂರ್ ತಾಸಿನ ಹಾದಿ," ಎಂದರು.

"ಯುಗಾದಿಗೆ ನಾಕ್ ದಿನಾ ಉಳದಾವ್ರಿ. ನಾ ಗುಡಿಯ ಹಬ್ಬದೂಟಕ್ಕ ಹೋಳಿಗಿ ಒಪ್ಪಕೊಂಡು ಬಂದೀನಿ."

"ಡಲ್ಲಾಸಿನಾಗ ಬ್ಯಾರೆ ಯಾರಿಗೂ ಹೋಳಿಗಿ ಬರೂದಿಲ್ಲೇನು?"

"ಬರತೈತಿ. ಹರೀಲಾರದಂಥಾ ಹೋಳಿಗಿ ಬರೂದಿಲ್ಲ."

ಅವರು ನಕ್ಕರು. ಸ್ವಲ್ಪ ಹೊತ್ತು ಪಶ್ಚಿಮದ ಕಡೆ ನೋಡಿದರು. ಆಮೇಲೆ, "ಆತು, ಚಳಿಗಾಲದಾಗ ಬರೂಣಂತ," ಎಂದು ಕಾರು ತಿರುಗಿಸಿದರು. ನಿಯಮ ಮುರಿದು ಎರಡೇ ದಿನದಲ್ಲಿ ಮನೆ ಸೇರಿದೆವು. ಇದ್ದದ್ದು ನಾಲ್ಕು ದಿನ, ಕಳ್ಳಿ ನೋಡಿಯೂ ಬರಬಹುದಿತ್ತು. ಹಬ್ಬಕ್ಕೆ ನಾನು ಇನ್ನೂರು ಹೋಳಿಗೆ ಮಾಡಿದೆ. ಒಂದೂ ಹರಿಯಲಿಲ್ಲ.

ಆ ಚಳಿಗಾಲ ಅವರಿಗೆ ಬರಲಿಲ್ಲ. ಅಕ್ಟೋಬರಿನಲ್ಲಿ ಹೃದಯದ ತೊಂದರೆ ಎಂದು ಹ್ಯೂಸ್ಟನ್ನಿನ ಆಸ್ಪತ್ರೆಗೆ ಸೇರಿಸಿದೆವು. ಹದಿನೇಳನೆಯ ದಿನ ಹೋದರು. ಅದಕ್ಕೆ ಎರಡು ದಿನ ಮೊದಲು ನಾನು ಆ ಮೂರು ತಾಸಿನ ಮಾತು ಎತ್ತಿ ಅತ್ತಾಗ, "ಕಳ್ಳಿ ಏನ್ ಎಲ್ಲೂ ಓಡಿ ಹೋಗೂದಿಲ್ಲ ಬಿಡು. ನೂರಾರು ವರ್ಷ ನಿಂತಿರತಾವಂತ," ಎಂದು ನನಗೇ ಸಮಾಧಾನ ಹೇಳಿದರು.

ಒಂದು ವರ್ಷ ನಾನು ಏನೂ ಮಾಡಲಿಲ್ಲ. ಎರಡನೆಯ ವರ್ಷ ಹೋಗಬೇಕೆಂದು ನಿಶ್ಚಯಿಸಿದೆ. ಅದೇ ಕಾರು, ಅದೇ ರಸ್ತೆ, ಒಬ್ಬಳೇ. ತೊಂದರೆ ಏನೆಂದರೆ ನಾನು ಹೆದ್ದಾರಿಯಲ್ಲಿ ಎಂದೂ ಕಾರು ಓಡಿಸಿದವಳಲ್ಲ. ಶಾಲೆ, ಅಂಗಡಿ, ದೇವಸ್ಥಾನ, ಅಷ್ಟೇ ನನ್ನ ಭೂಗೋಳ. ಹಿಂದಿನ ಬೀದಿಯಲ್ಲಿರುವ ಮೈಸೂರಿನ ಗೀತಾ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಸಾಫ್ಟ್‌ವೇರ್ ಕೆಲಸದವಳು. ಶನಿವಾರ ಶನಿವಾರ ಪಕ್ಕದಲ್ಲಿ ಕೂತು ಹೇಳಿಕೊಟ್ಟಳು.

"ಆಂಟಿ, ಸ್ವಲ್ಪ ಸ್ಪೀಡ್ ಮಾಡಿ. ಹಿಂದೆ ಬರ್ತಿರೋರು ಮೆರವಣಿಗೆ ಅಂದ್ಕೊಂಡುಬಿಡ್ತಾರೆ."

"ಅಂದ್ಕೊಳ್ಳಲಿ ಬಿಡವ್ವಾ, ಹಣ್ಣು ಕಾಯಿ ತಗೊಂಡು ಬರಲಿ," ಎಂದೆ. ಆದರೆ ಹತ್ತು ಶನಿವಾರಗಳಲ್ಲಿ ಕಲಿತೆ.

ವಿದ್ಯಾ ಒಪ್ಪಲಿಲ್ಲ. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಳ್ಳಿಗಳಿರುವ ಟೂಸಾನ್‌ಗೆ ವಿಮಾನದಲ್ಲಿ ಹೋಗೋಣ, ನಾನೂ ರಜೆ ಹಾಕುತ್ತೇನೆ, ಎರಡು ದಿನದಲ್ಲಿ ನೋಡಿ ಬರಬಹುದು ಎಂದಳು. "ನಿಮ್ಮ ಪಪ್ಪಾ ರಸ್ತೆ ಮ್ಯಾಲೆ ಹೊಂಟಿದ್ರು, ನಾ ಮ್ಯಾಲಿಂದ ಹಾರಿ ಹೋಗಿ ಇಳೀಲೇನು?" ಎಂದೆ. ಅವಳು ನನ್ನ ಫೋನು ತೆಗೆದುಕೊಂಡು ಏನೋ ಒತ್ತಿದಳು. ನಾನು ಎಲ್ಲಿದ್ದರೂ ಅವಳ ಫೋನಿನಲ್ಲಿ ಒಂದು ನೀಲಿ ಚುಕ್ಕೆಯಾಗಿ ಕಾಣುವ ಹಾಗೆ ಮಾಡಿದಳಂತೆ. ಊಟಕ್ಕೆ ನಿಂತ ಕಡೆಯೆಲ್ಲ ಧ್ವನಿ ಸಂದೇಶ ಕಳಿಸಬೇಕು ಎಂದು ಮಾತು ತೆಗೆದುಕೊಂಡಳು.

ಮೊದಲ ಐದು ದಿನ ಚೆನ್ನಾಗಿ ಹೋದೆ. ನೀರಿನ ಟ್ಯಾಂಕುಗಳ ಹೆಸರನ್ನು ನಾನೇ ಓದಿಕೊಂಡೆ. ಚರಗ ಮಾತ್ರ ಮಾಡಲಿಲ್ಲ. ಅದು ಒಬ್ಬರ ಕೆಲಸವಲ್ಲ. ಕೂಗುವುದು ಅವರ ಪಾಲು, ಉತ್ತರ ಕೊಡುವುದು ನನ್ನ ಪಾಲು. ಮದುವೆಯಾದಾಗಿನಿಂದ ಒಂದು ದಿನವೂ ನಾನು ಕೂಗಿದವಳಲ್ಲ.

ಆರನೆಯ ದಿನ ಡೆಮಿಂಗ್ ದಾಟಿದ ಮೇಲೆ ಗಾಳಿ ಎದ್ದಿತು. ಧೂಳಿನ ಬಿರುಗಾಳಿ ಬಂದರೆ ರಸ್ತೆಯಿಂದ ಇಳಿದು ನಿಲ್ಲಿ ಎಂದು ಬೋರ್ಡುಗಳು ಹೇಳುತ್ತಿದ್ದವು. ಧೂಳು ಇನ್ನೂ ಬಂದಿರಲಿಲ್ಲ. ಆದರೆ ಒಂದೊಂದು ದೊಡ್ಡ ಟ್ರಕ್ಕು ಪಕ್ಕದಿಂದ ಹಾದುಹೋದಾಗಲೂ ಕಾರನ್ನು ಯಾರೋ ಹಿಡಿದು ಅಲುಗಿಸಿದಂತೆ ಆಗುತ್ತಿತ್ತು. ಅಂಥ ಒಂದು ಹೊಡೆತಕ್ಕೆ ಕಾರು ರಸ್ತೆಯ ಅಂಚಿಗೆ ಸರಿಯಿತು. ಅಂಚಿನ ಉಬ್ಬುಗಳ ಮೇಲೆ ಚಕ್ರಗಳು ಗರಗರ ಎಂದವು. ಹಿಂದಿನ ಟ್ರಕ್ಕಿನವನು ಉದ್ದಕ್ಕೆ ಹಾರ್ನ್ ಹೊಡೆದ. ಹೇಗೋ ಸಂಭಾಳಿಸಿದೆ. ಸಿಕ್ಕಿದ ಮೊದಲ ತಿರುವಿನಲ್ಲಿ ಒಳಗೆ ಹೋಗಿ ನಿಲ್ಲಿಸಿದ ಮೇಲೂ ಸ್ಟಿಯರಿಂಗ್ ಬಿಡದೆ, ಎಂಜಿನ್ ಆರಿಸದೆ ಕೂತೆ. ತಲೆ ಎತ್ತಿ ನೋಡಿದರೆ ಅದೇ ವಿಶ್ರಾಂತಿ ತಾಣ. ಅವರು ಕಾರು ತಿರುಗಿಸಿದ ಜಾಗ.

ಇದರಲ್ಲಿ ವಿಚಿತ್ರ ಏನೂ ಇಲ್ಲ. ಆ ದಾರಿಯಲ್ಲಿ ನಿಲ್ಲಲು ಬೇರೆ ಜಾಗಗಳೇ ಕಡಿಮೆ.

ಬುತ್ತಿ ಬಿಚ್ಚಿದೆ. ಅಭ್ಯಾಸಬಲದಿಂದ ಸ್ಟೀಲಿನ ಎರಡು ತಟ್ಟೆ ಇಟ್ಟಿದ್ದೆ. ಒಂದನ್ನು ತೆಗೆದಿಡಲೂ ಮನಸ್ಸಾಗಲಿಲ್ಲ. ಉಣ್ಣಲಾಗಲಿಲ್ಲ. ಅರವತ್ತನಾಲ್ಕು ವರ್ಷದವಳು, ಯಾರಿಗೆ ಏನು ತೋರಿಸಲು ಹೊರಟೆ ಎನಿಸಿತು. ಫೋನು ತೆಗೆದು, ಸಂದೇಶದ ಗುಂಡಿ ಒತ್ತಿ ಹಿಡಿದು ಹೇಳಿದೆ: "ವಿದ್ಯಾ, ನಾ ವಾಪಸ್ ಬರತೀನವ್ವಾ. ಇಲ್ಲೀತನಕ ಬಂದದ್ದ ಸಾಕು. ಇವತ್ತ ಡೆಮಿಂಗಿನಾಗ ಇದ್ದು, ನಾಳೆ ಬೆಳಿಗ್ಗೆ..."

ಆಗ ಆ ಕೂಗು ಬಂತು.

ನನ್ನ ಎಡಗಡೆಯಿಂದ, ಬೇಲಿಯ ಆಚೆ, ತೀರ ಹತ್ತಿರವೂ ಅಲ್ಲ, ಬಹಳ ದೂರವೂ ಅಲ್ಲ. ಹೊಲದ ಈ ಬದುವಿನಿಂದ ಆ ಬದುವಿಗೆ ಇರುವಷ್ಟು ದೂರ. "ಹುಲ್ಲುಲ್ಲಿಗೋ..." ಕೊನೆಯಲ್ಲಿ ಆ ಎಳೆತ, ಎಳೆದ ತುದಿಯಲ್ಲಿ ಸ್ವಲ್ಪ ಮೇಲೆತ್ತುವುದು. ನಾನು ಹೆದರಲಿಲ್ಲ, ಬೆಚ್ಚಲೂ ಇಲ್ಲ. ಅದೇ ನನಗೆ ಇಂದಿಗೂ ಸೋಜಿಗ. ಅಡುಗೆಮನೆಯಲ್ಲಿ ಇದ್ದಾಗ ಹೊರಗಿನ ಕೋಣೆಯಿಂದ ಕರೆದರೆ ಓಗೊಡುತ್ತೇವಲ್ಲ, ಹಾಗೆ ಬಾಯಿಯೇ ಉತ್ತರ ಕೊಟ್ಟಿತು. "ಚಲ್ಲಂಬರಿಗೋ!"

ನನ್ನ ದನಿ ನನ್ನ ಕಿವಿಗೆ ಬಿದ್ದ ಮೇಲೆಯೇ ನನಗೆ ತಿಳಿದದ್ದು, ಈಗ ಏನಾಯಿತು ಎಂದು. ಗುಂಡಿಯ ಮೇಲಿನ ಬೆರಳು ಸರಿದಿತ್ತು. ಸಂದೇಶ ಹೊರಟುಹೋಗಿತ್ತು.

ಎದ್ದು ಬೇಲಿಯವರೆಗೆ ಹೋದೆ. ಕುರುಚಲು ಗಿಡ, ಮಣ್ಣು, ಬಿಸಿಲು. ಮನುಷ್ಯರಿಲ್ಲ, ದನಗಳಿಲ್ಲ. ಹಳಿಯ ಮೇಲೆ ರೈಲೂ ಇರಲಿಲ್ಲ. ಅಡಗಿ ಕೂರುವಷ್ಟು ಎತ್ತರದ ಗಿಡ ಒಂದೂ ಇರಲಿಲ್ಲ. ನಮ್ಮ ಕಡೆಯವರೇ ಯಾರೋ ಪ್ರವಾಸ ಬಂದಿರಬಹುದು ಎಂದು ತಿರುಗಿ ಕಾರು ನಿಲ್ಲಿಸುವ ಜಾಗ ನೋಡಿದೆ. ಎರಡು ಟ್ರಕ್ಕು, ನನ್ನ ಕಾರು, ಒಂದು ಮನೆಬಂಡಿ, ಒಳಗೇ ಅಡುಗೆಮನೆ, ಹಾಸಿಗೆ ಇರುವಂಥದು. ಮನೆಬಂಡಿಯವರು ವಯಸ್ಸಾದ ಬಿಳಿಯ ದಂಪತಿ, ನನ್ನ ಪಕ್ಕದ ಮೇಜಿನಲ್ಲಿ ಕೂತಿದ್ದರು. ಗಂಡ ಪತ್ರಿಕೆ ಓದುತ್ತಿದ್ದ. ಹೆಂಡತಿ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಳು. ಅವರ ನಾಯಿ ಮೇಜಿನ ಕೆಳಗೆ ಗೊರಕೆ ಹೊಡೆಯುತ್ತಿತ್ತು.

ಅವರ ಹತ್ತಿರ ಹೋಗಿ, ಈಗ ಯಾರಾದರೂ ಕೂಗಿದ್ದು ಕೇಳಿಸಿತೇ ಎಂದು ಕೇಳಿದೆ. ಹೇಗೆ ಕೇಳಿದೆನೋ, ಅವಳು ನನ್ನ ಮುಖ ನೋಡಿ ಮೊಟ್ಟೆ ಕೆಳಗಿಟ್ಟಳು.

"ಕೇಳಿಸಿತು ಕಣಮ್ಮ," ಎಂದಳು ಅವಳ ಭಾಷೆಯಲ್ಲಿ. "ನಿಮ್ಮ ಯಜಮಾನರು ಬೇಲಿ ದಾಟಿ ಹೋಗಿದ್ದಾರಾ? ಈ ಕಡೆ ಬರಲು ಹೇಳಿ. ಬಿಸಿಲೇರಿದ ಮೇಲೆ ಅಲ್ಲಿ ಹಾವುಗಳು ಹೊರಬರುತ್ತವೆ." ಎಂದವಳು ಕೈ ಚಾಚಿ ತೋರಿಸಿದಳು. ನಾನು ನಿಂತು ನೋಡಿದ್ದ ಅದೇ ಕಡೆ.

ಗಂಡ ಪತ್ರಿಕೆಯಿಂದ ತಲೆ ಎತ್ತಿ, "ಯಾರು ಕೂಗಿದರು? ನನಗೇನೂ ಕೇಳಲಿಲ್ಲ," ಎಂದ.

"ನಿನಗೆ ಹಾರ್ನ್ ಹೊಡೆದರೂ ಕೇಳುವುದಿಲ್ಲ," ಎಂದು ಅವಳು ಅವನನ್ನು ಬೈದಳು.

"ಹೇಳುತ್ತೇನೆ," ಎಂದಷ್ಟೇ ಹೇಳಿ ನನ್ನ ಮೇಜಿಗೆ ಬಂದೆ.

ಕೂತು ಯೋಚಿಸಿದೆ. ಹೆದರಿಕೆ ಆಗ ಶುರುವಾಯಿತು, ಆದರೆ ಅದು ದೆವ್ವದ ಹೆದರಿಕೆಯಲ್ಲ. ನಾನು ಉತ್ತರ ಕೊಟ್ಟಾಗಿತ್ತು. ಅತ್ತೆಯ ದನಿ ನೆನಪಾಯಿತು, ಅಂಗಾಲಿನ ಆ ಮುಳ್ಳೂ ನೆನಪಾಯಿತು. ಮೊದಲ ಸಲ ಇದೇ ಜಾಗದಿಂದ ತಿರುಗಿಸಿದವಳು ನಾನು. ಈಗ ಉತ್ತರ ಕೊಟ್ಟ ಮೇಲೂ ತಿರುಗಿದರೆ ಯಾವ ಮುಖ ಇಟ್ಟುಕೊಂಡು ಬದುಕಲಿ? ಎದ್ದೆ. ರೊಟ್ಟಿ, ಚಟ್ನಿ, ಮೊಸರನ್ನ, ಎಲ್ಲವನ್ನೂ ಮೂರು ಬೆರಳಿಗೆ ಬರುವಷ್ಟು ಕಲಸಿದೆ. ಎಡಗೈಯಲ್ಲಿ ನೀರಿನ ಬಾಟಲಿ ಹಿಡಿದು ಆ ಚಪ್ಪರದ ಸುತ್ತ ಒಂದು ಸುತ್ತು ನಡೆದೆ. ಬಾಯಿ ಬಿಡಲಿಲ್ಲ. ಬೇಲಿಯ ಹತ್ತಿರ ಎರಡು ಅಗುಳು ಹೆಚ್ಚು ಚೆಲ್ಲಿದೆ. ಮನೆಬಂಡಿಯ ಹೆಂಗಸು ನೋಡುತ್ತಿದ್ದಳು, ಏನೂ ಕೇಳಲಿಲ್ಲ. ಆಮೇಲೆ ಒಂದು ರೊಟ್ಟಿ ತಿಂದು, ಎರಡೂ ತಟ್ಟೆ ತೊಳೆದು, ಕಾರು ಹತ್ತಿ ಪಶ್ಚಿಮಕ್ಕೆ ಹೊರಟೆ.

ಗಾಳಿ ನಿಂತಿರಲಿಲ್ಲ. ಟ್ರಕ್ಕುಗಳೂ ಕಡಿಮೆಯಾಗಿರಲಿಲ್ಲ. ಯಾರೋ ಪಕ್ಕದಲ್ಲಿ ಕೂತಿದ್ದಾರೆ ಎಂದು ಅನಿಸಿತೇ ಎಂದು ಗೀತಾ ಆಮೇಲೆ ಕೇಳಿದಳು. ಇಲ್ಲ. ಪಕ್ಕದ ಸೀಟಿನಲ್ಲಿ ಬುತ್ತಿಯ ಚೀಲ ಇತ್ತು, ಅಷ್ಟೇ. ಸ್ಟಿಯರಿಂಗ್ ಬಿಗಿಯಾಗಿ ಹಿಡಿದು, ನನ್ನ ಸಾಲು ಬಿಡದೆ, ನನ್ನ ಮೆರವಣಿಗೆಯ ವೇಗದಲ್ಲಿ ನಾನೇ ಓಡಿಸಿದೆ. ಮೂರು ತಾಸಿನ ಹಾದಿಗೆ ನಾಲ್ಕೂವರೆ ತಾಸು ಹಿಡಿಯಿತು. ಹೊತ್ತು ಮುಳುಗುವ ಮೊದಲು ಟೂಸಾನ್ ಸೇರಿದೆ.

ಹೋಟೆಲಿನ ಕೋಣೆಗೆ ಕಾಲಿಡುತ್ತಲೇ ವಿದ್ಯಾಳ ಫೋನು. "ಅಮ್ಮ, ಆರ್ ಯೂ ಓಕೆ? ವಾಪಸ್ ಬರ್ತೀನಿ ಅಂತ ಮೆಸೇಜ್, ಚುಕ್ಕೆ ನೋಡಿದ್ರೆ ಅರಿಜೋನಾದಲ್ಲಿ!" ಅವಳಿಗೆ ಗಾಬರಿಯಾದಾಗ ಅರ್ಧ ಕನ್ನಡ ಬರುತ್ತದೆ. ಮನಸ್ಸು ಬದಲಾಯಿಸಿದೆ ಎಂದೆ. ಆಮೇಲೆ, ಆ ಸಂದೇಶದ ಕೊನೆಯಲ್ಲಿ ಯಾರಿಗೆ ಉತ್ತರ ಕೊಟ್ಟಿದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನಾನು ಮತ್ತೆ ಮಾತಾಡುತ್ತೇನೆಂದು ಕರೆ ಮುಗಿಸಿ, ಆ ಸಂದೇಶವನ್ನು ಮೊದಲ ಸಲ ಕೇಳಿದೆ. ನನ್ನ ಮಾತು ಇದೆ. "ನಾಳೆ ಬೆಳಿಗ್ಗೆ" ಎಂದು ನಿಂತದ್ದು ಇದೆ. ಆಮೇಲೆ ಗಾಳಿಯ ಸದ್ದು ಮಾತ್ರ, ಬೇರೇನೂ ಇಲ್ಲ. ಆ ಮೇಲೆ ಗಟ್ಟಿಯಾಗಿ ನನ್ನ ಉತ್ತರ. ಕೂಗು ಅದರಲ್ಲಿ ಇಲ್ಲ. ಆದರೆ ನಡುವಿನ ಆ ಖಾಲಿ, ಅವರ ಒಂದು ಕೂಗಿಗೆ ಎಷ್ಟು ಹೊತ್ತು ಬೇಕೋ ಸರಿಯಾಗಿ ಅಷ್ಟೇ ಉದ್ದ. ಎಳೆತವೂ ಸೇರಿ. ನಾನು ಮತ್ತೆ ಮತ್ತೆ ಕೇಳಿ ನೋಡಿದೆ. ಒಂದು ಚೂರೂ ಮೊದಲಲ್ಲ, ಒಂದು ಚೂರೂ ತಡವಲ್ಲ.

ಮತ್ತೆ ಫೋನು ಮಾಡಿ ವಿದ್ಯಾಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಎಲ್ಲವನ್ನೂ ಅಳೆದು ನೋಡುವ ಕೆಲಸದವಳು. ಆಯಾಸ, ಒಂಟಿತನ, ಡಾಕ್ಟರನ್ನು ನೋಡೋಣ ಎನ್ನುತ್ತಾಳೆ ಎಂದುಕೊಂಡಿದ್ದೆ. ಅದರ ಬದಲು ಕನ್ನಡದಲ್ಲಿ, ಮೆಲ್ಲಗೆ ಕೇಳಿದಳು: "ಪಪ್ಪಾ ಎಲ್ಲಿ ನಿಂತಿದ್ರು?"

"ಎಡಗಡೆ. ಬೇಲಿ ಆಚೆ," ಎಂದೆ.

"ಓಕೆ," ಎಂದಳು. ಅದರ ಮೇಲೆ ನಾವಿಬ್ಬರೂ ಆ ಬಗ್ಗೆ ಮಾತಾಡಿಲ್ಲ.

ಮರುದಿನ ಬೆಳಿಗ್ಗೆ ಕಳ್ಳಿಗಳ ನಡುವೆ ಹೋಗಿ ನಿಂತೆ. ಗುಡ್ಡದ ತುಂಬ ಕೈ ಎತ್ತಿ ನಿಂತಿದ್ದವು, ಕ್ಯಾಲೆಂಡರಿನಲ್ಲಿ ಇದ್ದ ಹಾಗೆಯೇ. ಬೆದರುಗೊಂಬೆ ಎಂದು ಅವರು ಹೇಳಿದ್ದು ಸರಿ. ಮೂರು ಬೆರಳಲ್ಲಿ ಅಡುಗೆ ಹಿಡಿದು ಕೂಗಿಗಾಗಿ ಕಾದೆ. ಬರುತ್ತದೆ ಎಂದು ನನಗೆ ಖಾತ್ರಿ ಇತ್ತು. ಬರಲಿಲ್ಲ. ಒಂದು ತಾಸು ಕಾದೆ. ಶಾಲೆಯ ಮಕ್ಕಳ ಒಂದು ಗುಂಪು ಗಲಾಟೆ ಮಾಡುತ್ತ ಹಾದುಹೋಯಿತು. ಹಕ್ಕಿಯೊಂದು ಕಳ್ಳಿಯ ತೂತಿನಿಂದ ತಲೆ ಹಾಕಿ ನನ್ನನ್ನು ನೋಡಿ ಒಳಗೆ ಹೋಯಿತು. ಕೊನೆಗೆ ಸದ್ದಿಲ್ಲದೆ ದೊಡ್ಡದೊಂದು ಕಳ್ಳಿಯ ಸುತ್ತ ನಡೆದು, ಚೆಲ್ಲಿ, ಸುತ್ತು ಮುಗಿಸಿದೆ. ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಮರ್ಫಿಗೆ ಹೊರಟೆ, ದಿನಕ್ಕೆ ನೂರೈವತ್ತು ಮೈಲಿಯಂತೆ, ನಿಯಮ ಮುರಿಯದೆ.

ಇದಾಗಿ ನಾಲ್ಕು ವರ್ಷ. ನನಗೆ ನಾನೇ ಎಷ್ಟೋ ಸಮಾಧಾನ ಹೇಳಿಕೊಂಡಿದ್ದೇನೆ. ಹೆದರಿ ಕೂತವಳಿಗೆ, ಅದೇ ಜಾಗದಲ್ಲಿ, ಇಷ್ಟು ವರ್ಷ ಕೇಳಿದ ಕೂಗು ಕಿವಿಯಲ್ಲೇ ಹುಟ್ಟಬಹುದು. ಅದನ್ನು ಒಪ್ಪಲು ನಾನು ತಯಾರು. ಹಾಗಾದರೆ ಆ ಹೆಂಗಸಿಗೆ ಕೇಳಿಸಿದ್ದು ಏನು? ಎರಡು ತಟ್ಟೆ ನೋಡಿ, ನನ್ನ ಉತ್ತರ ಕೇಳಿ, ಗಂಡನನ್ನು ಕರೆಯುತ್ತಿದ್ದೇನೆ ಎಂದುಕೊಂಡಳು ಎನ್ನೋಣ. ನಾನು ಮೇಜಿನಲ್ಲಿ ಕೂತಿದ್ದೆ. ಅವಳು ಕೈ ತೋರಿಸಿದ್ದು ಮೇಜಿನ ಕಡೆಗಲ್ಲ. ಸರಿ, ಅವಳಿಗೆ ನಿಜವಾಗಿ ಕೇಳಿಸಿತು ಎನ್ನೋಣ. ಹಾಗಾದರೆ ಫೋನಿಗೆ ಯಾಕೆ ಕೇಳಿಸಲಿಲ್ಲ? ಎರಡೂ ಸಾಕ್ಷಿಗಳನ್ನು ನಂಬಲು ಆಗುವುದಿಲ್ಲ, ಎರಡರಲ್ಲಿ ಒಂದನ್ನು ಬಿಡಲೂ ಆಗುವುದಿಲ್ಲ. ಅವಳ ಹೆಸರು ಕೇಳಿಕೊಳ್ಳಲಿಲ್ಲವಲ್ಲ ಎಂದು ಈಗ ಅನಿಸುತ್ತದೆ. ಥರ್ಮಾಮೀಟರ್ ಇಡಲು ಬರದ ಒಂದೇ ಒಂದು ಸಂಗತಿ ನನ್ನ ಬದುಕಿನಲ್ಲಿ ಇದು.

ಫೋನು ಬದಲಾಯಿಸಿದಾಗ ವಿದ್ಯಾ ಬಂದು ಆ ಸಂದೇಶವನ್ನು ಹೊಸ ಫೋನಿಗೆ ಹಾಕಿಕೊಟ್ಟಳು. ತನ್ನದರಲ್ಲೂ ಇಟ್ಟುಕೊಂಡಿದ್ದಾಳೆ ಎಂದು ನನಗೆ ಗೊತ್ತು.

ಎಳ್ಳ ಅಮಾವಾಸ್ಯೆಯ ದಿನ ಈಗಲೂ ಕಡುಬು, ರೊಟ್ಟಿ, ಪಲ್ಯ ಎಲ್ಲ ಮಾಡಿ ಹಿತ್ತಿಲಿಗೆ ಇಳಿಯುತ್ತೇನೆ. ಕೂಗುವುದಿಲ್ಲ, ಅದು ನನ್ನ ಪಾಲಿನದಲ್ಲ. ಪಕ್ಕದ ಮನೆಯವರು ತರಗೆಲೆ ಊದುವ ಯಂತ್ರ ನಿಲ್ಲಿಸುವವರೆಗೆ ಕಾಯುತ್ತೇನೆ. ನಿಂತ ಮೇಲೆ ಎಡಗಡೆಯ ಬೇಲಿಯ ಕಡೆ ಕಿವಿ ಇಟ್ಟು, ಒಂದು ಕೂಗಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಲ್ಲುತ್ತೇನೆ. ಆಮೇಲೆ ಸುತ್ತು ಮುಗಿಸುತ್ತೇನೆ.